ಓದಿ ಹೇಳುವವನ ಹೊಣೆ

ಕರಾವಳಿಯ ಅನೇಕ ಮುಸ್ಲಿಮ್ ಮನೆಗಳಿಗೆ ಒಂದು ಕಾಲದಲ್ಲಿ ಗಲ್ಫ್‌ನಿಂದ ಪತ್ರಗಳು ಬರುತ್ತಿದ್ದವು. ಮನೆಯ ತಾಯಿಗೆ ಅಕ್ಷರ ಬಾರದು. ನೆರೆಮನೆಯ ಶಾಲಾ ಹುಡುಗನನ್ನು ಕರೆದು, ಜಗಲಿಯಲ್ಲಿ ಕೂರಿಸಿ, ಒಂದು ಲೋಟ ಚಹಾ ಕೊಟ್ಟು ಪತ್ರ ಓದಿಸಬೇಕು. ಮಗನು ತಾಯಿಗೆಂದೇ ಬರೆದ ಮಾತು, ಸಾಲದ ಲೆಕ್ಕ, ತಂಗಿಯ ಮದುವೆಯ ಚಿಂತೆ, ಕೆಲಸ ಹೋಗುವ ಭಯ ಎಲ್ಲವೂ ಮೊದಲು ತಲುಪುತ್ತಿದ್ದುದು ಆ ಹುಡುಗನಿಗೆ. ಆಟಕ್ಕೆ ಹೋಗುವ ಅವಸರವಿದ್ದರೆ ಅವನು ಎರಡು ಸಾಲು ಹಾರಿಸುತ್ತಿದ್ದ. ಓದಲು ಸಂಕೋಚವಾದ ಮಾತನ್ನು ನುಂಗುತ್ತಿದ್ದ. ಮರುದಿನ ಆ ಸುದ್ದಿ ಊರಿಗೆಲ್ಲಾ ತಿಳಿದಿದ್ದರೆ ಯಾರನ್ನು ದೂರುವುದು? ಪತ್ರ ಇದ್ದುದು ತಾಯಿಯ ಕೈಯಲ್ಲಿ. ಅವಳಿಗೆ ದಕ್ಕುತ್ತಿದ್ದುದು ಮಾತ್ರ ಹುಡುಗನು ಕೊಟ್ಟಷ್ಟು.

ಅಕ್ಷರ ಕಲಿತರೆ ಈ ಕಷ್ಟ ತೀರುತ್ತದೆ. ಕಣ್ಣಿಲ್ಲದವನ ಪಾಡು ಹಾಗಲ್ಲ. ಅವನು ಎಷ್ಟೇ ದೊಡ್ಡ ವಿದ್ವಾಂಸನಾದರೂ, ಎಷ್ಟು ಪುಸ್ತಕಗಳನ್ನು ಕಂಠಪಾಠ ಮಾಡಿದ್ದರೂ, ಹೊಸದೊಂದು ಹಾಳೆ ಕೈಗೆ ಬಂದಾಗ ಮತ್ತೆ ಆ ತಾಯಿಯ ಸ್ಥಾನದಲ್ಲೇ ನಿಲ್ಲಬೇಕಾಗಿತ್ತು. ಇಂದು ಮೊಬೈಲ್ ಫೋನು ಅವನಿಗೆ ಪತ್ರಿಕೆ ಓದಿ ಹೇಳುತ್ತದೆ, ಔಷಧಿಯ ಡಬ್ಬದ ಮೇಲಿನ ಹೆಸರು ಹೇಳುತ್ತದೆ, ಬಂದ ಸಂದೇಶವನ್ನು ಅವನ ಕಿವಿಗೆ ಮಾತ್ರ ಕೇಳುವಂತೆ ಉಸುರುತ್ತದೆ. ಇದು ಅಲ್ಲಾಹನ ಮಹತ್ತರವಾದ ಅನುಗ್ರಹ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಇಲ್ಲಿ ಒಂದು ಪ್ರಶ್ನೆ ಉದ್ಭವಿಸುತ್ತದೆ. ಯಂತ್ರವು ಓದಿ ಹೇಳತೊಡಗಿದ ಮೇಲೆ ಕಣ್ಣಿರುವವರ ಹೊಣೆ ಮುಗಿಯಿತೇ? ಅಂಧನಿಗೆ ಓದಿ ಹೇಳುವುದು ಇಷ್ಟು ದಿನ ನಾವು ಮಾಡುತ್ತಿದ್ದ ಉಪಕಾರವಾಗಿತ್ತೇ, ಅಥವಾ ತೀರಿಸಬೇಕಾಗಿದ್ದ ಹಕ್ಕಾಗಿತ್ತೇ?

ಮಕ್ಕಾದ ಒಂದು ಘಟನೆ ನಮಗೆಲ್ಲ ತಿಳಿದಿದೆ. ಪ್ರವಾದಿ(ಸ)ಯವರು ಕುರೈಶ್ ಮುಖಂಡರೊಂದಿಗೆ ಮಾತುಕತೆಯಲ್ಲಿದ್ದಾಗ ಅಂಧ ಸಹಾಬಿ ಇಬ್ನು ಉಮ್ಮಿ ಮಕ್ತೂಮ್(ರ) ಅಲ್ಲಿಗೆ ಬಂದರು. ಆಗ ಪ್ರವಾದಿವರ್ಯರ(ಸ) ಮುಖದಲ್ಲಿ ಕಾಣಿಸಿದ ಅಸಮಾಧಾನದ ಕುರಿತು ‘ಅಬಸ’ ಎಂಬ ಅಧ್ಯಾಯವೇ ಅವತೀರ್ಣವಾಯಿತು. ನಾವು ಇದನ್ನು ಸಾಮಾನ್ಯವಾಗಿ ಬಡವರನ್ನೂ ದುರ್ಬಲರನ್ನೂ ಕಡೆಗಣಿಸಬಾರದು ಎಂಬ ಪಾಠವಾಗಿ ಹೇಳುತ್ತೇವೆ. ಅದು ಸರಿಯೇ. ಆದರೆ ಅವರು ಏನನ್ನು ಕೇಳಲು ಬಂದಿದ್ದರು ಎಂಬುದನ್ನು ಗಮನಿಸುವವರು ಕಡಿಮೆ. ಅವರು ಹಣ ಕೇಳಲಿಲ್ಲ, ಆಹಾರ ಕೇಳಲಿಲ್ಲ. ತನಗೆ ಕಲಿಸಬೇಕು ಎಂದು ಕೇಳಿದರು. ಕಣ್ಣಿಲ್ಲದವನೊಬ್ಬನ ಜ್ಞಾನದ ಬೇಡಿಕೆಗೆ ಸಿಕ್ಕ ತೂಕ ಅದು. ಮುಂದೆ ಮದೀನಾಕ್ಕೆ ಎಲ್ಲರಿಗಿಂತ ಮೊದಲು ಹೋಗಿ ಜನರಿಗೆ ಕುರ್‌ಆನ್ ಕಲಿಸಿದವರಲ್ಲಿ ಮುಸ್‌ಅಬ್ ಬಿನ್ ಉಮೈರ್(ರ)ರ ಜೊತೆ ಇದ್ದವರು ಇವರೇ. ರಮಝಾನಿನ ರಾತ್ರಿಗಳಲ್ಲಿ ಮದೀನಾದ ಜನರು ಸಹರಿ ನಿಲ್ಲಿಸುತ್ತಿದ್ದುದು ಇವರ ಅದಾನ್ ಕೇಳಿ. ಆದರೆ ಪ್ರಭಾತವಾಯಿತೆಂದು ಇವರಿಗೆ ಯಾರಾದರೂ ಹೇಳಬೇಕಿತ್ತು! ಒಬ್ಬನ ಕಣ್ಣು, ಇನ್ನೊಬ್ಬನ ಕಂಠ, ಇಡೀ ಊರಿನ ಉಪವಾಸ. ಇಲ್ಲಿ ಯಾರು ಯಾರಿಗೆ ಉಪಕಾರ ಮಾಡುತ್ತಿದ್ದರು ಎಂದು ಹೇಳುವುದು ಸುಲಭವಲ್ಲ.

ನಮ್ಮ ಇತಿಹಾಸದಲ್ಲಿ ಅಂಧ ವಿದ್ವಾಂಸರ ದೊಡ್ಡ ಸಾಲೇ ಇದೆ. ಬಸ್ರಾದ ಕತಾದ ಹುಟ್ಟುಕುರುಡರು. ಅವರ ನೆನಪಿನ ಶಕ್ತಿ ಗಾದೆಮಾತಾಗಿತ್ತು. ಕುರ್‌ಆನಿನ ಏಳು ಪಠಣ ಕ್ರಮಗಳನ್ನು ಪದ್ಯರೂಪದಲ್ಲಿ ಹಿಡಿದಿಟ್ಟ ಇಮಾಮ್ ಶಾತಿಬಿ ಅಂಧರು. ಅಂಧಲೂಸಿನಲ್ಲಿ ಹುಟ್ಟಿ 1194ರಲ್ಲಿ ಕೈರೋದಲ್ಲಿ ನಿಧನರಾದ ಅವರ ಕೃತಿಯನ್ನು ಇಂದಿಗೂ ಕಲಿಸುತ್ತಾರೆ. ನಮ್ಮ ಕಾಲದಲ್ಲೇ 1999ರಲ್ಲಿ ತೀರಿಕೊಂಡ, ಸೌದಿ ಅರೇಬಿಯಾದ ಪ್ರಧಾನ ಮುಫ್ತಿಯಾಗಿದ್ದ ಶೈಖ್ ಅಬ್ದುಲ್ ಅಝೀಝ್ ಬಿನ್ ಬಾಝ್ ಯೌವನದಲ್ಲೇ ದೃಷ್ಟಿ ಕಳಕೊಂಡವರು. ಬೇರೆಯವರು ಓದಿದ್ದನ್ನು ಕೇಳುತ್ತಲೇ ಅವರು ಜೀವಮಾನವಿಡೀ ಓದಿದರು. ಹದೀಸ್ ವಿದ್ಯೆಯಲ್ಲಿ ಗುರುವಿನ ಬಾಯಿಯಿಂದ ಕೇಳುವುದಕ್ಕೆ ಬಹಳ ಎತ್ತರದ ಸ್ಥಾನವಿತ್ತು. ಆದ್ದರಿಂದ ಕಿವಿಯಿಂದ ಕಲಿತವನು ಕಣ್ಣಿನಿಂದ ಕಲಿತವನಿಗಿಂತ ಕೀಳಲ್ಲ ಎಂಬುದನ್ನು ನಮ್ಮ ಪರಂಪರೆಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಆದರೆ ಇದೇ ಪರಂಪರೆ ಒಂದು ಕಠಿಣ ಪ್ರಶ್ನೆಯನ್ನೂ ಎತ್ತಿಕೊಂಡಿತ್ತು. ತಾನು ಕೇಳಿದ್ದನ್ನು ಪೂರ್ತಿ ಕಂಠಪಾಠ ಮಾಡದ ಅಂಧನೊಬ್ಬ, ತನ್ನ ಹೆಸರಿನ ಗ್ರಂಥವನ್ನು ಇನ್ನೊಬ್ಬರಿಂದ ಓದಿಸಿ ಹದೀಸ್ ಹೇಳಿದರೆ ಅದನ್ನು ಸ್ವೀಕರಿಸಬಹುದೇ? ನಡುವೆ ಯಾರಾದರೂ ಒಂದು ಪದ ಬದಲಿಸಿದ್ದರೆ ಅವನಿಗೆ ಹೇಗೆ ತಿಳಿಯಬೇಕು? 1245ರಲ್ಲಿ ನಿಧನರಾದ ಇಬ್ನು ಸ್ಸಲಾಹ್ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಇದನ್ನು ಚರ್ಚಿಸಿದ್ದಾರೆ. ಗ್ರಂಥವನ್ನು ಬರೆದಿಡಲು, ಕಾಪಾಡಲು, ಓದಲು ಅವನು ನಂಬಿಗಸ್ತರ ನೆರವು ಪಡೆದಿದ್ದು, ಬದಲಾವಣೆಯಾಗಿಲ್ಲವೆಂಬ ಭರವಸೆ ಬರುವಷ್ಟು ಎಚ್ಚರ ವಹಿಸಿದ್ದರೆ ಅವನ ವರದಿ ಸಿಂಧು ಎಂಬುದು ಅದರ ತಾತ್ಪರ್ಯ. ಇಲ್ಲಿ ಪರೀಕ್ಷೆಗೆ ಒಳಗಾಗುವವನು ಅಂಧನಷ್ಟೇ ಅಲ್ಲ ಎಂಬುದನ್ನು ನೋಡಬೇಕು. ಓದಿ ಹೇಳುವವನೂ ಕಟಕಟೆಯಲ್ಲಿ ನಿಂತಿದ್ದಾನೆ. ಓದಿ ಹೇಳುವುದು ಒಂದು ಅಮಾನತು. ಸಾಲು ಹಾರಿಸುವುದು, ತನಗೆ ಬೇಡವೆನಿಸಿದ್ದನ್ನು ಬಿಡುವುದು, ಸುಸ್ತಾಯಿತೆಂದು ಸಾರಾಂಶ ಹೇಳಿ ಮುಗಿಸುವುದು, ಓದಿದ್ದನ್ನು ಹೊರಗೆ ಹೇಳುವುದು ಇವೆಲ್ಲ ಅಮಾನತಿನಲ್ಲಿ ಮಾಡುವ ವಂಚನೆಗಳೇ.

ಇನ್ನೊಬ್ಬರ ಕಣ್ಣನ್ನು ನೆಚ್ಚಿ ಬದುಕುವ ಸಂಕಟವನ್ನು ಈಜಿಪ್ಟಿನ ತಾಹಾ ಹುಸೈನ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. (ಅವರ ಕೆಲವು ವಿಚಾರಗಳ ಬಗ್ಗೆ ಅವರ ಕಾಲದ ಉಲಮಾಗಳಿಗೆ ತೀವ್ರ ಆಕ್ಷೇಪವಿತ್ತು, ಅದು ಇಲ್ಲಿನ ವಿಷಯವಲ್ಲ.) 1889ರಲ್ಲಿ ಹಳ್ಳಿಯೊಂದರಲ್ಲಿ ಹುಟ್ಟಿದ ಅವರು ಕಣ್ಣಿನ ಸೋಂಕಿಗೆ ಸರಿಯಾದ ಚಿಕಿತ್ಸೆಯಿಲ್ಲದೆ ಎಳವೆಯಲ್ಲೇ ಕುರುಡರಾದರು. ಬಾಲ್ಯದಲ್ಲೇ ಕುರ್‌ಆನ್ ಕಂಠಪಾಠ ಮಾಡಿ ಅಲ್ ಅಝ್‌ಹರ್ ಸೇರಿದರು. ಅಲ್ಲಿ ಅಣ್ಣನು ಗೆಳೆಯರ ಬಳಿಗೆ ಹೋದಾಗ ಕೋಣೆಯಲ್ಲಿ ಒಂಟಿಯಾಗಿ ಕೂರಬೇಕಾಗಿದ್ದ ಹುಡುಗನ ಆ ಸಂಜೆಗಳು ಓದುಗನ ಮನಸ್ಸಿನಿಂದ ಬೇಗ ಮಾಸುವಂಥವಲ್ಲ. ಮುಂದೆ ಫ್ರಾನ್ಸಿನಲ್ಲಿ ಕಲಿಯುವಾಗ ಅವರಿಗೆ ಪುಸ್ತಕ ಓದಿ ಹೇಳುತ್ತಿದ್ದ ಯುವತಿಯೇ ಅವರ ಪತ್ನಿಯಾದರು. 1950ರಲ್ಲಿ ಶಿಕ್ಷಣ ಸಚಿವರಾದಾಗ ಅವರು ಶಾಲಾ ಶಿಕ್ಷಣವನ್ನು ಉಚಿತಗೊಳಿಸಲು ದುಡಿದರು. ಕಲಿಕೆಗಾಗಿ ಬೇರೆಯವರ ಬಿಡುವನ್ನು ಕಾದು ಕುಳಿತವನಿಗೆ ಅದರ ಬೆಲೆ ತಿಳಿದಿತ್ತು.

ಅಂಧನು ತಾನೇ ಓದುವಂತಾಗಬೇಕು ಎಂಬ ಯೋಚನೆ ಎಲ್ಲಿಂದ ಆರಂಭವಾಯಿತು? ಎಲ್ಲರೂ ಪ್ಯಾರಿಸ್ ಎನ್ನುತ್ತಾರೆ. ಅದಕ್ಕೂ ಬಹಳ ಮೊದಲು, ಹದಿನಾಲ್ಕನೆಯ ಶತಮಾನದ ಆರಂಭದ ಬಗ್ದಾದಿನಲ್ಲಿ ಝೈನುದ್ದೀನ್ ಆಮಿದಿ ಎಂಬ ಅಂಧ ವಿದ್ವಾಂಸರಿದ್ದರು. ಅವರು ಪುಸ್ತಕ ವ್ಯಾಪಾರಿಯೂ ಆಗಿದ್ದರು. ಪುಸ್ತಕ ಕೊಂಡಾಗ ಅದರ ಬೆಲೆ ನೆನಪಿಡಲು ತೆಳ್ಳಗಿನ ಕಾಗದವನ್ನು ಹೊಸೆದು, ಅಕ್ಷರದ ಆಕಾರಕ್ಕೆ ಬಾಗಿಸಿ, ರಟ್ಟಿನ ಒಳಬದಿಗೆ ಅಂಟಿಸುತ್ತಿದ್ದರು. ಬೆರಳಾಡಿಸಿದರೆ ಬೆಲೆ ಗೊತ್ತಾಗುತ್ತಿತ್ತು. ಅಂಧರ ಜೀವನಚರಿತ್ರೆಗಳನ್ನೇ ಒಂದು ಗ್ರಂಥವಾಗಿ ಬರೆದ ಸಫದಿ ಇದನ್ನು ದಾಖಲಿಸಿದ್ದಾರೆ. ದುಃಖದ ಸಂಗತಿಯೆಂದರೆ ಅದು ಅಲ್ಲಿಗೇ ನಿಂತಿತು. ಒಬ್ಬ ವ್ಯಕ್ತಿಯ ಜಾಣತನವಾಗಿ ಉಳಿಯಿತೇ ಹೊರತು ಶಾಲೆಯಾಗಲಿಲ್ಲ, ಲಿಪಿಯಾಗಲಿಲ್ಲ. ಅಂಧನಿಗೆ ಕಂಠಪಾಠ ಸಾಕು ಎಂದು ನಾವು ತೃಪ್ತರಾದೆವೋ ಏನೋ. ಆ ತೃಪ್ತಿ ಇಂದಿಗೂ ಪೂರ್ತಿಯಾಗಿ ಹೋಗಿಲ್ಲ. ಮನೆಯಲ್ಲಿ ಕಣ್ಣಿಲ್ಲದ ಮಗು ಹುಟ್ಟಿದರೆ ಹಾಫಿಝ್ ಮಾಡಿಸೋಣ ಎನ್ನುತ್ತಾರೆ. ಅದು ಅತ್ಯಂತ ಶ್ರೇಷ್ಠ ಭಾಗ್ಯ. ಆದರೆ ಅದೇ ಮನೆಯ ಕಣ್ಣಿರುವ ಮಗುವಿಗೆ ಹಿಫ್‌ಝ್‌ನ ಜೊತೆ ಶಾಲೆಯೂ ಇದೆ, ಕಾಲೇಜೂ ಇದೆ. ಈ ಮಗುವಿಗೆ ಮಾತ್ರ ಒಂದೇ ಬಾಗಿಲು ಏಕೆ?

ಪ್ಯಾರಿಸಿನ ಕಥೆಯಲ್ಲಿ ಇನ್ನೊಂದು ಬಗೆಯ ಪಾಠವಿದೆ. 1785ರ ವೇಳೆಗೆ ವಾಲಂಟೈನ್ ಹಾಯ್ ಎಂಬವರು ಅಲ್ಲಿ ಅಂಧ ಮಕ್ಕಳ ಶಾಲೆ ತೆರೆದು, ಕಾಗದದ ಮೇಲೆ ಉಬ್ಬಿದ ಅಕ್ಷರಗಳನ್ನು ಒತ್ತಿ ಪುಸ್ತಕ ಮಾಡಿಸಿದರು. ಸದುದ್ದೇಶವೇ. ಆದರೆ ಅವು ಕಣ್ಣಿಗಾಗಿ ಹುಟ್ಟಿದ ಅಕ್ಷರಗಳು. ಪುಸ್ತಕ ಭಾರವಾಗಿರುತ್ತಿತ್ತು, ಓದು ನಿಧಾನವಾಗಿತ್ತು, ಬರೆಯಲು ಸಾಧ್ಯವೇ ಇರಲಿಲ್ಲ. ಕುದುರೆ ಜೀನು ಹೊಲಿಯುವವನ ಮಗ ಲೂಯಿ ಬ್ರೈಲ್ 1809ರಲ್ಲಿ ಹುಟ್ಟಿದವನು. ಮೂರರ ಪ್ರಾಯದಲ್ಲಿ ತಂದೆಯ ಕಾರ್ಖಾನೆಯಲ್ಲಿ ದಬ್ಬಳ ಕಣ್ಣಿಗೆ ತಾಗಿ, ಗಾಯ ಎರಡೂ ಕಣ್ಣುಗಳನ್ನು ತಿಂದಿತು. ಹತ್ತರ ಪ್ರಾಯದಲ್ಲಿ ಈ ಶಾಲೆ ಸೇರಿದ. ಚಾರ್ಲ್ಸ್ ಬಾರ್ಬಿಯೇ ಎಂಬ ಸೇನಾಧಿಕಾರಿ ಹನ್ನೆರಡು ಚುಕ್ಕಿಗಳ ಒಂದು ಲಿಪಿಯನ್ನು ರೂಪಿಸಿದ್ದ. ಅದು ಬೆರಳ ತುದಿಯೊಳಗೆ ಹಿಡಿಯದಷ್ಟು ದೊಡ್ಡದಾಗಿತ್ತು. ಬ್ರೈಲ್ ಅದನ್ನು ಆರು ಚುಕ್ಕಿಗೆ ಇಳಿಸಿದ. ಆರು ಚುಕ್ಕಿಗಳಿಂದ 63 ಆಕೃತಿಗಳು ಸಿಗುತ್ತವೆ, ಒಂದೊಂದೂ ಬೆರಳಿನ ಒಂದೇ ಸ್ಪರ್ಶಕ್ಕೆ ಸಿಗುತ್ತದೆ. 1824ರ ವೇಳೆಗೆ, ಹದಿನೈದರ ಪ್ರಾಯದಲ್ಲಿ, ಅವನು ಇದನ್ನು ಮಾಡಿ ಮುಗಿಸಿದ್ದ; 1829ರಲ್ಲಿ ಪ್ರಕಟಿಸಿದ.

ಶಾಲೆ ಅವನನ್ನು ಹೊತ್ತು ಮೆರೆಸಿತೇ? ಇಲ್ಲ. 1840ರ ದಶಕದಲ್ಲಿ ಅದೇ ಶಾಲೆಯಲ್ಲಿ ಈ ಲಿಪಿಗೆ ಕೆಲಕಾಲ ನಿಷೇಧವಿತ್ತು. ಕಣ್ಣಿರುವವರಿಗೆ ಓದಲಾಗದ ಲಿಪಿಯನ್ನು ಅಂಧರು ಬಳಸಿದರೆ ಅವರು ಸಮಾಜದಿಂದ ದೂರವಾಗುತ್ತಾರೆ ಎಂಬ ವಾದ ಆಗ ಬಲವಾಗಿತ್ತು. ಮಕ್ಕಳು ಗುಟ್ಟಾಗಿ ಬಳಸುತ್ತಲೇ ಇದ್ದರು. ಫ್ರಾನ್ಸ್ ಸರಕಾರ ಇದನ್ನು ಅಂಗೀಕರಿಸಿದ್ದು 1854ರಲ್ಲಿ, ಬ್ರೈಲ್ ತೀರಿಕೊಂಡ ಎರಡು ವರ್ಷಗಳ ಬಳಿಕ. ಆ ನಿಷೇಧ ಹಾಕಿದವರು ಕ್ರೂರಿಗಳೆಂದು ನನಗನಿಸುವುದಿಲ್ಲ. ಅಂಧರಿಗೆ ಯಾವುದು ಒಳ್ಳೆಯದೆಂದು ಅಂಧರಿಗಿಂತ ತಮಗೇ ಚೆನ್ನಾಗಿ ಗೊತ್ತು ಎಂದು ಅವರು ನಂಬಿದ್ದರು, ಅಷ್ಟೇ. ಉಪಕಾರಿಗಳಲ್ಲಿ ಈ ರೋಗ ಬಹಳ ಹಳೆಯದು.

ಈ ಲಿಪಿ ಭಾರತಕ್ಕೆ ಬಂದಾಗ ಒಂದೊಂದು ಕಡೆ ಒಂದೊಂದು ರೀತಿಯ ಸಂಕೇತಗಳು ಹುಟ್ಟಿಕೊಂಡಿದ್ದವು. 1951ರಲ್ಲಿ ಎಲ್ಲ ಭಾರತೀಯ ಭಾಷೆಗಳಿಗೂ ಹೊಂದುವ ‘ಭಾರತಿ ಬ್ರೈಲ್’ ರೂಪುಗೊಂಡಿತು. ಕನ್ನಡದ ‘ಕ’ಕಾರಕ್ಕೂ ಹಿಂದಿಯ ‘ಕ’ಕಾರಕ್ಕೂ ಅದರಲ್ಲಿ ಒಂದೇ ಚುಕ್ಕಿಗಳು. ಗುಣಿತವೂ ಒತ್ತಕ್ಷರವೂ ಮೇಲೆ ಕೆಳಗೆ ಅಂಟಿಕೊಳ್ಳದೆ ಒಂದರ ಪಕ್ಕ ಒಂದಾಗಿ ಸಾಲಿನಲ್ಲೇ ಬರುತ್ತವೆ. ಅರಬಿ ಬ್ರೈಲ್‌ನ ವಿಶೇಷವೇನೆಂದರೆ ಅದನ್ನು ಎಡದಿಂದ ಬಲಕ್ಕೆ ಓದುತ್ತಾರೆ. ಬ್ರೈಲ್‌ನಲ್ಲಿ ಪವಿತ್ರ ಕುರ್‌ಆನ್ ಹಲವು ದಪ್ಪ ಸಂಪುಟಗಳಾಗುತ್ತದೆ. ಅದನ್ನು ಮುಟ್ಟಲು ವುಝೂ ಬೇಕೇ, ಆ ಚುಕ್ಕಿಗಳು ಅಕ್ಷರಗಳೇ ಅಥವಾ ಅಕ್ಷರಗಳ ಸಂಕೇತವೇ ಎಂಬ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಫಿಕ್‌ಹ್‌ನ ತೀರ್ಮಾನ ಹೇಳಲು ನಾನು ಅರ್ಹನಲ್ಲ. ಆದರೆ ಆ ಚುಕ್ಕಿಗಳ ಮೇಲೆ ಬೆರಳಿಟ್ಟು ತಾನೇ ಸ್ವತಃ ತನ್ನ ಪ್ರಭುವಿನ ಗ್ರಂಥವನ್ನು ತೆರೆದು ಓದುವವನಿಗೆ ಅದು ಏನಾಗಿರಬಹುದೆಂದು ಊಹಿಸಬಲ್ಲೆ.

ಯಂತ್ರಗಳ ಕಥೆಯೂ ಚಿಕ್ಕದಲ್ಲ. 1914ರ ವೇಳೆಗೆ ಬ್ರಿಟನ್ನಿನಲ್ಲಿ ಆಪ್ಟೋಫೋನ್ ಎಂಬ ಸಾಧನ ಬಂತು. ಅದು ಮುದ್ರಿತ ಅಕ್ಷರದ ಆಕಾರಕ್ಕೆ ತಕ್ಕಂತೆ ಬೇರೆ ಬೇರೆ ಸ್ವರಗಳನ್ನು ಹೊರಡಿಸುತ್ತಿತ್ತು. ಆ ಸ್ವರಗಳಿಂದ ಕೇಳುಗನೇ ಅಕ್ಷರವನ್ನು ಊಹಿಸಬೇಕು. ಆರಂಭದಲ್ಲಿ ಒಂದು ಪದಕ್ಕೆ ಒಂದು ನಿಮಿಷ ಬೇಕಾಗುತ್ತಿತ್ತು. 1930ರ ದಶಕದಲ್ಲಿ ಅಮೆರಿಕ, ಬ್ರಿಟನ್‌ಗಳಲ್ಲಿ ಗ್ರಾಮಫೋನ್ ತಟ್ಟೆಗಳ ಮೇಲೆ ‘ಮಾತನಾಡುವ ಪುಸ್ತಕ’ಗಳು ಬಂದವು, ಆಮೇಲೆ ಕ್ಯಾಸೆಟ್ಟುಗಳು. ಇವುಗಳಲ್ಲೂ ಯಾವ ಪುಸ್ತಕ ಎಂಬುದನ್ನು ನಿರ್ಧರಿಸುವವರು ಬೇರೆಯವರೇ. ಮುದ್ರಿತ ಪುಟವನ್ನು ತಾನೇ ನೋಡಿ ತಾನೇ ಉಚ್ಚರಿಸುವ ಯಂತ್ರವನ್ನು ರೇ ಕರ್ಜ್‌ವೈಲ್ 1976ರಲ್ಲಿ ಅಮೆರಿಕದಲ್ಲಿ ಪ್ರದರ್ಶಿಸಿದರು. ಬೆಲೆ ಹತ್ತಾರು ಸಾವಿರ ಡಾಲರ್. ಅಂದರೆ ದೊಡ್ಡ ಸಂಸ್ಥೆಗಳಿಗೆ ಮಾತ್ರ. ಮುಂದೆ ಕಂಪ್ಯೂಟರಿನ ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶಗಳು ಬಂದವು. ಅವುಗಳ ಬೆಲೆಯೂ ನಮ್ಮ ದೇಶದ ಒಬ್ಬ ವಿದ್ಯಾರ್ಥಿ ಕೊಡುವಂಥದ್ದಾಗಿರಲಿಲ್ಲ.

ಈ ಬೆಲೆಯ ಗೋಡೆಯನ್ನು ಒಡೆದವರು ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು. ಅಂಧ ಮಕ್ಕಳ ಸಂಗೀತ ಶಿಬಿರವೊಂದರಲ್ಲಿ ಗೆಳೆಯರಾದ ಮೈಕಲ್ ಕರನ್ ಮತ್ತು ಜೇಮ್ಸ್ ತೆಹ್. 2006ರಲ್ಲಿ ಮೈಕಲ್ ಆರಂಭಿಸಿದ ಎನ್‌ವಿಡಿಎ ಎಂಬ ತಂತ್ರಾಂಶದ ಕೆಲಸಕ್ಕೆ ಜೇಮ್ಸ್ ಬೇಗನೆ ಜೊತೆಯಾದ. ಅದನ್ನು ಯಾರೂ ಹಣ ಕೊಡದೆ ಬಳಸಬಹುದು. ಕಣ್ಣಿರುವವನು ಕಂಪ್ಯೂಟರ್ ಕೊಂಡರೆ ಪರದೆಗೆ ಬೇರೆ ಹಣ ಕೊಡುವುದಿಲ್ಲ. ನಾವೇಕೆ ಕೊಡಬೇಕು ಎಂಬ ನ್ಯಾಯದ ಪ್ರಶ್ನೆ ಅದರ ಹಿಂದಿದೆ. ಕನ್ನಡದಲ್ಲಿ ಉಚ್ಚರಿಸುವ ಉಚಿತ ಧ್ವನಿಯೂ ಅದಕ್ಕೆ ಸೇರಿಕೊಂಡಿತು. ಆ ಧ್ವನಿ ಲೋಹದ ತಗಡು ಮಾತಾಡಿದಂತಿರುತ್ತದೆ. ಅಭ್ಯಾಸವಾದವರು ಅದನ್ನು ನಮಗೆ ಒಂದು ಪದವೂ ತಿಳಿಯದ ವೇಗದಲ್ಲಿ ಕೇಳಿ ಅರ್ಥ ಮಾಡಿಕೊಳ್ಳುತ್ತಾರೆ. 2009ರ ಬಳಿಕ ಈ ಸೌಲಭ್ಯ ಮೊಬೈಲ್ ಫೋನುಗಳ ಒಳಗೇ ಬರತೊಡಗಿತು.

ಈಗ ಗಲ್ಫ್ ಪತ್ರದ ಆ ಹುಡುಗನ ಸ್ಥಾನದಲ್ಲಿ ಯಂತ್ರವಿದೆ. ಅದು ಸುಸ್ತಾಗುವುದಿಲ್ಲ, ಗೊಣಗುವುದಿಲ್ಲ, ಮಾಡಿದ ಉಪಕಾರವನ್ನು ಎತ್ತಿ ಆಡುವುದಿಲ್ಲ. ಅಂಧನೊಬ್ಬ ನಡುರಾತ್ರಿ ಎದ್ದು ತನಗೆ ಬೇಕಾದ ಪುಟವನ್ನು ಹತ್ತು ಸಲ ಓದಬಹುದು. ತನ್ನ ರೋಗದ ವರದಿಯನ್ನು ಮನೆಯವರಿಗಿಂತ ಮೊದಲು ತಾನೇ ತಿಳಿಯಬಹುದು. ಇದು ಸಣ್ಣ ವಿಷಯವಲ್ಲ. ಖಾಸಗಿತನ ಎಂಬುದು ಸಿರಿವಂತರ ಶೋಕಿಯಲ್ಲ. ಇನ್ನೊಬ್ಬನ ಮನೆಯೊಳಗೆ ಅನುಮತಿಯಿಲ್ಲದೆ ಇಣುಕುವುದನ್ನು ಇಸ್ಲಾಮ್ ಎಷ್ಟು ಕಠಿಣವಾಗಿ ಕಂಡಿದೆಯೆಂದು ನಮಗೆ ಗೊತ್ತು. ಅಂಧರ ಪತ್ರದೊಳಗೆ ಮಾತ್ರ ಊರೇ ಇಣುಕಬಹುದಿತ್ತು.

ಆದರೆ ಇಬ್ನು ಸ್ಸಲಾಹ್ ಕೇಳಿದ ಪ್ರಶ್ನೆ ಯಂತ್ರಕ್ಕೂ ಅನ್ವಯಿಸುತ್ತದೆ. ಈಚೆಗೆ ಕೃತಕ ಬುದ್ಧಿಮತ್ತೆಯ ನೆರವಿನಿಂದ ಫೋನು ಚಿತ್ರವನ್ನೂ ವರ್ಣಿಸುತ್ತದೆ, ಹಾಳೆಯ ಸಾರಾಂಶವನ್ನೂ ಹೇಳುತ್ತದೆ. ಕೆಲವೊಮ್ಮೆ ಇಲ್ಲದ್ದನ್ನು ಇದೆಯೆಂದು ಅತ್ಯಂತ ಧೈರ್ಯದಿಂದ ಹೇಳಿಬಿಡುತ್ತದೆ. ಕಣ್ಣಿರುವವನು ಒಮ್ಮೆ ನೋಡಿ ತಪ್ಪನ್ನು ಹಿಡಿಯುತ್ತಾನೆ. ಕಣ್ಣಿಲ್ಲದವನಿಗೆ ಅದನ್ನು ಪರೀಕ್ಷಿಸುವ ದಾರಿ ಯಾವುದು? ಮಾತ್ರೆಯ ಪ್ರಮಾಣದಲ್ಲಿ ಒಂದು ಅಂಕೆ ತಪ್ಪಿದರೆ ಹೊಣೆ ಯಾರದು? ಹುಡುಗನಿಗಾದರೆ ಪರಲೋಕದ ವಿಚಾರಣೆಯ ಭಯವಿತ್ತು. ಯಂತ್ರಕ್ಕೆ ಅದಿಲ್ಲ, ಆ ವಿಚಾರಣೆ ಅದನ್ನು ಮಾಡಿ ಮಾರುವವರ ಮೇಲೆ ಬರುತ್ತದೆ.

ಇನ್ನೊಂದು ಚಿಂತೆಯಿದೆ. ಎಲ್ಲವನ್ನೂ ಫೋನು ಹೇಳುವಾಗ ಬ್ರೈಲ್ ಏಕೆ ಎಂದು ಶಾಲೆಗಳೂ ತಂದೆತಾಯಂದಿರೂ ಕೇಳತೊಡಗಿದ್ದಾರೆ. ಕೇಳುವುದೂ ಓದೇ ಎಂದು ಮೇಲೆ ಹೇಳಿದ್ದೇನೆ, ಅದರಿಂದ ಹಿಂದೆ ಸರಿಯುವುದಿಲ್ಲ. ಆದರೆ ಮಗು ಕೇಳಿ ಮಾತ್ರ ಬೆಳೆದರೆ ‘ಅಲ್ಪ’ದ ಪ ಯಾವುದು, ‘ಫಲ’ದ ಫ ಯಾವುದು, ಎಲ್ಲಿ ಒತ್ತು, ಎಲ್ಲಿ ದೀರ್ಘ ಎಂಬುದು ಹೇಗೆ ತಿಳಿಯಬೇಕು? ಗಣಿತದ ಲೆಕ್ಕವನ್ನು ಕಿವಿಯಲ್ಲಿ ಹಿಡಿಯಲು ಯತ್ನಿಸಿ ನೋಡಿ. ಕಣ್ಣಿರುವ ನಮ್ಮ ಮಕ್ಕಳಿಗೆ ರೇಡಿಯೋ ಇದೆ, ಅಕ್ಷರ ಬೇಡ ಎಂದು ಯಾರಾದರೂ ಹೇಳಿದ್ದಾರೆಯೇ? ಬ್ರೈಲ್ ತೋರಿಸುವ ವಿದ್ಯುನ್ಮಾನ ಪಟ್ಟಿಗಳಿವೆ; ಅದರ ಮೇಲೆ ಸಣ್ಣ ಮೊಳೆಗಳು ಎದ್ದು ಬಿದ್ದು ಅಕ್ಷರವಾಗುತ್ತವೆ. ಅವು ಇನ್ನೂ ದುಬಾರಿ. ಝಕಾತ್, ಸದಕಗಳಿಂದ ಬಿಳಿಕೋಲು, ಕನ್ನಡಕ, ಅಕ್ಕಿ ಕೊಡುವ ನಮ್ಮ ಸಮಿತಿಗಳು ಇಂಥ ಸಾಧನಗಳನ್ನು ತಮ್ಮ ಪಟ್ಟಿಗೆ ಸೇರಿಸಿಕೊಳ್ಳಬಾರದೇಕೆ ಎಂದು ಕೇಳಬೇಕೆನಿಸುತ್ತದೆ. ಅರ್ಹತೆಯ ವಿಷಯದಲ್ಲಿ ತಮ್ಮ ಊರಿನ ಉಲಮಾಗಳನ್ನು ವಿಚಾರಿಸಲಿ.

ಕಾನೂನು ತನ್ನ ಪಾಲಿನ ಕೆಲಸ ಸ್ವಲ್ಪ ಮಾಡಿದೆ. ಮೊದಲೆಲ್ಲ ಒಂದು ಪುಸ್ತಕವನ್ನು ಬ್ರೈಲ್‌ಗೋ ಧ್ವನಿಗೋ ಇಳಿಸಲು ಹಕ್ಕುದಾರರ ಅನುಮತಿ ಬೇಕಾಗಿತ್ತು. ಭಾರತ 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು ಆ ಅಡ್ಡಿಯನ್ನು ತೆಗೆಯಿತು. 2013ರಲ್ಲಿ ಮೊರೊಕ್ಕೋದ ಮರಾಕೇಶ್ ನಗರದಲ್ಲಿ ಇದೇ ಉದ್ದೇಶದ ಅಂತಾರಾಷ್ಟ್ರೀಯ ಒಪ್ಪಂದವಾಯಿತು. ಅದನ್ನು ಎಲ್ಲರಿಗಿಂತ ಮೊದಲು, 2014ರಲ್ಲಿ, ಸ್ಥಿರೀಕರಿಸಿದ ದೇಶ ಭಾರತ. 2016ರಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ಅಂತರ್ಜಾಲ ಗ್ರಂಥಾಲಯವೂ ಆರಂಭವಾಯಿತು. ಬಾಗಿಲು ತೆರೆದಿದೆ. ಆದರೆ ಒಳಗಿರಿಸಬೇಕಾದ ಪುಸ್ತಕಗಳನ್ನು ಯಾರು ಸಿದ್ಧಪಡಿಸಬೇಕು?

ಇಲ್ಲಿ ನಮ್ಮ ಪ್ರಕಾಶನಗಳ ಕಡೆಗೂ ಬೆರಳು ತೋರಿಸಲೇಬೇಕು. ಕನ್ನಡದ ಇಸ್ಲಾಮೀ ಸಾಹಿತ್ಯವೂ ಸೇರಿದಂತೆ ದಶಕಗಳ ಕಾಲ ನಮ್ಮ ಪುಸ್ತಕಗಳನ್ನು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಜೋಡಿಸಲಾಗಿದೆ. ಆ ಕಡತ ನಮ್ಮ ಕಣ್ಣಿಗೆ ಅಚ್ಚ ಕನ್ನಡ. ಕಂಪ್ಯೂಟರಿನ ಒಳಗೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಓದಿ ಹೇಳುವ ತಂತ್ರಾಂಶಕ್ಕೆ ಅದರಿಂದ ಒಂದು ಪದವೂ ಸಿಗುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿದೆ, ಈ ತಂತ್ರಾಂಶಗಳಲ್ಲೂ ಈಗ ಅದರ ಸೌಲಭ್ಯವಿದೆ, ಹಳೆಯ ಕಡತಗಳನ್ನು ಪರಿವರ್ತಿಸುವ ಸಾಧನಗಳೂ ಇವೆ. ಪರಿವರ್ತಿಸಿದ ಬಳಿಕ ಒತ್ತಕ್ಷರಗಳನ್ನು ಕೂತು ತಿದ್ದುವ ಒಬ್ಬ ತಾಳ್ಮೆಯ ಮನುಷ್ಯ ಬೇಕು, ಅಷ್ಟೆ. ನಮ್ಮ ಕಾಲೇಜು ವಿದ್ಯಾರ್ಥಿಗಳಲ್ಲಿ ಅಂಥವರಿಗೆ ಬರವಿಲ್ಲ.

ಇನ್ನು ನಮ್ಮ ಮನೆಯ ಮಾತು. ದಿನಬೆಳಗಾದರೆ ವಾಟ್ಸ್‌ಆ್ಯಪ್‌ನಲ್ಲಿ ಹದೀಸ್‌ಗಳು, ನಮಾಝ್ ಸಮಯ, ಮರಣವಾರ್ತೆ, ನಿಕಾಹ್‌ನ ಆಮಂತ್ರಣ ಎಲ್ಲವೂ ಹೂಬಳ್ಳಿಯ ಚೌಕಟ್ಟಿನೊಳಗೆ ಚಿತ್ರಗಳಾಗಿ ಬರುತ್ತವೆ. ಚಿತ್ರದೊಳಗಿನ ಬಣ್ಣದ ಕನ್ನಡ ಅಕ್ಷರಗಳನ್ನು ಗುರುತಿಸುವಾಗ ಯಂತ್ರ ಆಗಾಗ ಎಡವುತ್ತದೆ, ಎಷ್ಟೋ ಫೋನುಗಳು ‘ಚಿತ್ರ’ ಎಂದಷ್ಟೇ ಹೇಳಿ ಸುಮ್ಮನಾಗುತ್ತವೆ. ತನ್ನ ಚಿಕ್ಕಪ್ಪ ತೀರಿಕೊಂಡ ಸುದ್ದಿಯೇ ಅದರೊಳಗಿದ್ದರೂ ಗುಂಪಿನಲ್ಲಿರುವ ಅಂಧನಿಗೆ ತಿಳಿಯುವುದು ಬೇರೆ ಯಾರಾದರೂ ಫೋನ್ ಮಾಡಿದಾಗ. ಅದೇ ಮಾತುಗಳನ್ನು ಚಿತ್ರದ ಕೆಳಗೆ ಎರಡು ಸಾಲಿನಲ್ಲಿ ಟೈಪ್ ಮಾಡಲು ಅರ್ಧ ನಿಮಿಷ ಸಾಕು. ದೃಷ್ಟಿ ಮಸುಕಾದ ನಮ್ಮ ಅಜ್ಜ ಅಜ್ಜಿಯಂದಿರ ಫೋನೂ ಆಗ ಅವರಿಗೆ ಅದನ್ನು ಓದಿ ಹೇಳುತ್ತದೆ.